ಮೊಣಕಾಲುದ್ದದ ನೀರು

ನಬೀ ಸಾಬ್ ಕೊನೆಯ ಹಗ್ಗ ಬಿಚ್ಚಿ ಟಾರ್ಪಾಲು ಎಳೆದ ಕೂಡಲೇ ಮೊದಲು ಎರಡು ಹಲ್ಲಿಗಳು ಓಡಿದವು, ಆಮೇಲೆ ಧೂಳು ಎದ್ದಿತು, ಧೂಳಿನ ಹಿಂದಿನಿಂದ ದೋಣಿಯ ಮೂತಿ ಕಾಣಿಸಿತು. ಮುರುಗೇಶಪ್ಪ ಮೂಗಿಗೆ ಶಲ್ಯ ಹಿಡಿದುಕೊಂಡೇ ಅದಕ್ಕೊಂದು ಸುತ್ತು ಬಂದ. ಅಕ್ಕಪಕ್ಕದಲ್ಲಿ ಹತ್ತಿ ಗಿರಣಿಯ ಮುರಿದ ರೋಲರುಗಳು, ತುಕ್ಕು ಹಿಡಿದ ಬಾಯ್ಲರು, ಅಪಘಾತವಾದ ಲಾರಿಗಳ ಮುಖಗಳು. ಅವುಗಳ ನಡುವೆ ತೇಗದ ಮೈಯ ಈ ಬಿಳಿ ಮೋಟಾರು ದೋಣಿ ದಾರಿ ತಪ್ಪಿ ಬಂದ ನೆಂಟನ ಹಾಗೆ ಕೂತಿತ್ತು.

"ಸಾವ್ಕಾರ್ರೆ, ಇದನ್ನ ತಗಂಡೋಗಿ ಎಲ್ಲಿ ಇಡ್ತೀರಿ? ಬಾತಿ ಕೆರೆಯಾಗಾ?" ಅಂದ ನಬೀ ಸಾಬ್.

ಮುರುಗೇಶಪ್ಪ ನಗಲಿಲ್ಲ. ಎಂಜಿನ್ ಓಡುತ್ತದೆಯೋ ಇಲ್ಲವೋ ಅಷ್ಟು ಹೇಳು ಅಂದ.

ಬಾತಿಯ ಹತ್ತಿರ, ಹರಿಹರದ ರಸ್ತೆಯ ಮಗ್ಗುಲಿಗೆ ಗುಜರಿ ಅಂಗಡಿ ಇಟ್ಟುಕೊಂಡಿದ್ದ ನಬೀ ಸಾಬ್ ಒಳ್ಳೆಯ ಎಂಜಿನ್ ರಿಪೇರಿಗಾರನೂ ಹೌದು. ಮಾರುವ ಮಾಲಿನ ದೋಷವನ್ನು ಮೊದಲೇ ಹೇಳಿಬಿಡುವುದು ಅವನ ಅಭ್ಯಾಸ. ಹರಿಹರದ ಕಾರ್ಖಾನೆಯೊಂದರ ಮ್ಯಾನೇಜರು ಭಾನುವಾರ ಹೊಳೆಯಲ್ಲಿ ತಿರುಗಾಡಲೆಂದು ಈ ದೋಣಿಯನ್ನು ಮುಂಬಯಿಯಿಂದ ತರಿಸಿದ್ದರು. ಅವರಿಗೆ ವರ್ಗವಾಯಿತು. ಆಮೇಲೆ ಬಂದವರಿಗೆ ನೀರು ಕಂಡರೆ ಭಯ. ಷೆಡ್ಡಿನಲ್ಲಿ ಬಿದ್ದಿದ್ದ ದೋಣಿ ಕೊನೆಗೆ ಗುಜರಿಯ ರಾಶಿಯೊಂದಿಗೆ ನಬೀ ಸಾಬನ ಪಾಲಿಗೆ ಬಂತು. ಮರದ ಮುಚ್ಚಳ ತೆಗೆದು ಹೊಟ್ಟೆಯೊಳಗಿನ ಎಂಜಿನ್ನನ್ನು ತೋರಿಸಿದ. ಅದರ ಮೇಲಿನ ಹಿತ್ತಾಳೆ ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿದರೆ 'ಪದ್ಮಜಾ ಮೆರೀನ್ ವರ್ಕ್ಸ್, ಬಾಂಬೆ' ಎಂಬ ಅಕ್ಷರಗಳು ಎದ್ದವು. ಆ ಕಂಪನಿ ಮುಚ್ಚಿ ಹೋಗಿದೆ, ಒಂದು ಬೋಲ್ಟು ಕಳೆದರೂ ಸಿಗುವುದಿಲ್ಲ ಎಂಬುದು ಮೊದಲನೆಯ ದೋಷ. ಎರಡನೆಯದನ್ನು ಅವನು ಕೂತು ವಿವರಿಸಿದ.

"ಹಿಂದೆ ನೇತಾಕೋ ಎಂಜಿನ್ ಆದ್ರೆ ನೀರು ಕಮ್ಮಿಯಾದಾಗ ಎತ್ತಿ ಹಿಡಿಬೌದು. ಇದು ಹೊಟ್ಟೆಯಾಗೆ ಕೂತಿರೋದು. ಇಲ್ಲಿಂದ ರಾಡು ಕೆಳಗೆ ಹೋಗೈತೆ, ಅದರ ತುದೀಗೆ ಪಂಖ. ಎತ್ತಾಕೆ ಬರಲ್ಲ. ಸೊಂಟದ ಮಟ ನೀರಿಲ್ಲ ಅಂದ್ರೆ ನೆಲ ಕಚ್ತೈತೆ."

"ಹೊಳೆ ನಾನು ನೋಡಿಲ್ಲೇನು?" ಅಂದ ಮುರುಗೇಶಪ್ಪ. ಚೌಕಾಸಿ ಕೂಡ ಮಾಡಲಿಲ್ಲ. ದಾವಣಗೆರೆಯ ಬಟ್ಟೆ ವ್ಯಾಪಾರಿಯೊಬ್ಬ ಚೌಕಾಸಿಯಿಲ್ಲದೆ ವ್ಯಾಪಾರ ಮುಗಿಸಿದ್ದು ಕಂಡು ನಬೀ ಸಾಬನಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು.

ಚೌಕಿಪೇಟೆಯಲ್ಲಿ ತಾತನ ಕಾಲದ ಬಟ್ಟೆ ಅಂಗಡಿಯಿರುವ ಮನುಷ್ಯನಿಗೆ ದೋಣಿ ಯಾಕೆ ಬೇಕಾಯಿತು ಎಂಬುದಕ್ಕೆ ಪೇಟೆಯಲ್ಲಿ ನಾನಾ ಕಥೆಗಳು ಹುಟ್ಟಿಕೊಂಡವು. ಮರಳಿನ ಕಂಟ್ರಾಕ್ಟು ಹಿಡಿದಿದ್ದಾನೆ ಅಂದರು, ಜ್ಯೋತಿಷಿ ಜಲವಾಹನ ಹೇಳಿದ್ದಾನೆ ಅಂದರು. ನಿಜವಾದ ಕಾರಣ ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿ ನಿರ್ಮಲಮ್ಮನಿಗೆ. ಅದೊಂದು ಆಣೆ.

ನಿರ್ಮಲಮ್ಮನ ತವರು ಹೊಳೆಮಾಳಾಪುರ. ಹರಿಹರದಿಂದ ಕೆಳಗೆ, ತುಂಗಭದ್ರೆಯ ಆಚೆ ದಡದಲ್ಲಿದೆ. ಸೇತುವೆ ದಾಟಿ ರಾಣೇಬೆನ್ನೂರಿನ ರಸ್ತೆಯಲ್ಲಿ ಬಸ್ಸಿಳಿದರೆ ಅಲ್ಲಿಂದ ಎರೆಹೊಲದ ಬಂಡಿ ದಾರಿ, ಒಂದು ಮಳೆ ಬಂದರೆ ಗಾಲಿ ಅಚ್ಚಿನ ತನಕ ಹೂಳುತ್ತದೆ. ಹಾಗಾಗಿ ಈಚೆ ದಡದಿಂದ ಹರಗೋಲಿನಲ್ಲಿ ದಾಟುವುದೇ ವಾಡಿಕೆ. ನಾಗರ ಪಂಚಮಿ ಹತ್ತಿರ ಬಂದಾಗ ಅವಳ ತಮ್ಮ ಶಿವಯೋಗಪ್ಪ ಉಂಡಿಯ ಡಬ್ಬಿ ಹಿಡಿದು ದಾವಣಗೆರೆಗೆ ಬಂದು, ಒಂದು ಹೊತ್ತು ಉಂಡು, ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಅಳಿಯ ಮುರುಗೇಶಪ್ಪನೂ ಆಗಲೇ ಹೋಗಿ ಬರುತ್ತಿದ್ದ. ಅಂಗಡಿಯನ್ನು ಬಿಟ್ಟು ಬೇರೆ ಯಾವ ಕಾಲಕ್ಕೂ ಆ ಊರಿಗೆ ಹೋದವನಲ್ಲ. ಅವನ ಮನಸ್ಸಿನಲ್ಲಿ ಆ ಊರಿನ ಹೊಳೆಯೆಂದರೆ ಶ್ರಾವಣದ ಹೊಳೆ, ಕೆಂಪಗೆ, ದಡದಿಂದ ದಡಕ್ಕೆ ತುಂಬಿ ಹರಿಯುವ ಹೊಳೆ. ಬೇಸಿಗೆಯಲ್ಲಿ ಹರಿಹರದ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಬಂಡೆಗಳನ್ನೂ ಕಂಡಿದ್ದನೆನ್ನಿ, ಆದರೆ ಕಂಡದ್ದೆಲ್ಲ ಮನಸ್ಸಿನಲ್ಲಿ ಉಳಿಯಬೇಕಲ್ಲ.

ಆರೇಳು ವರ್ಷದ ಹಿಂದೆ, ಅಂಥದೇ ಒಂದು ಶ್ರಾವಣದಲ್ಲಿ, ಶಿವಯೋಗಪ್ಪ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದ. ಮನೆಯ ಅಳಿಯನನ್ನು ಮಣೆಯ ಮೇಲೆ ಕೂರಿಸಿ ಮೊದಲ ಆಯಾರದ ಉಡುಗೊರೆ ಕೊಟ್ಟರು. ಕಾಯಿ, ಶಲ್ಯ, ಧೋತ್ರ. ಬಟ್ಟೆಯವನ ಬೆರಳು ಸುಮ್ಮನಿರುತ್ತದೆಯೇ? ತಟ್ಟೆ ಕೈಗೆ ಬಂದ ಕೂಡಲೇ ಮುರುಗೇಶಪ್ಪನ ಬೆರಳು ಧೋತ್ರದ ಅಂಚನ್ನು ಮುಟ್ಟಿತು, ದೊರಗು ಅನ್ನಿಸಿತು. ಮಡಿಕೆಯ ಮೂಲೆಯನ್ನು ತಿರುವಿದ. ಅಲ್ಲಿ ಎರಡು ಅಕ್ಷರಗಳಿದ್ದವು. ಕೊಂಡ ಬೆಲೆಯನ್ನು ಗಿರಾಕಿಗೆ ತಿಳಿಯದಂತೆ ಬರೆದಿಡಲು ಪ್ರತಿ ಬಟ್ಟೆ ಅಂಗಡಿಯವರೂ ತಮ್ಮದೇ ಗುಟ್ಟಿನ ಅಕ್ಷರ ಇಟ್ಟುಕೊಂಡಿರುತ್ತಾರೆ. ಇವು ಅವನ ಅಂಗಡಿಯವು, ಅವನದೇ ಕೈಬರಹ. ಹಬ್ಬಕ್ಕೆ ಆಳುಗಳಿಗೆ ಹಂಚುವುದಕ್ಕೆಂದು ಜನ ಕೇಳುವ, ಕಪಾಟಿನ ಕೆಳಗಿನ ಖಾನೆಯಲ್ಲಿ ಬಿದ್ದಿರುವ ಮಾಲು. ತನ್ನ ಅಂಗಡಿಯ ಕಡೆಯ ಮಾಲನ್ನೇ ತಂದು, ನೂರು ಜನರೆದುರು, ತನಗೇ ಹೊದಿಸಿದ್ದಾರೆ! ಅವನ ಕಿವಿ ಕೆಂಪಾಯಿತು. ಧೋತ್ರವನ್ನು ಮಣೆಯ ಮೇಲೆ ಇಟ್ಟು, ಉಣ್ಣದೆ, ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟ.

ಹೊಳೆ ದಾಟಲು ಅವರ ಹರಗೋಲೇ ಬೇಕಾಗಿದ್ದರಿಂದ ಅಲ್ಲಿಯ ತನಕ ಬಾಯಿ ಬಿಗಿಹಿಡಿದಿದ್ದ. ಈಚೆ ದಡಕ್ಕೆ ಇಳಿದ ಮೇಲೆ, ಕೈಮುಗಿಯುತ್ತ ಜೊತೆಗೇ ಬಂದಿದ್ದ ಶಿವಯೋಗಪ್ಪನ ಎದುರಿಗೆ ನಿಂತು, ಇನ್ನು ತಾನಾಗಲಿ ತನ್ನ ಮನೆಯವರಾಗಲಿ ಈ ಊರಿನ ಹರಗೋಲಿಗೆ ಕಾಲಿಟ್ಟರೆ, ಈ ಊರಿನ ಬಂಡಿ ಹತ್ತಿದರೆ ಹರಿಹರೇಶ್ವರನ ಆಣೆ ಎಂದು ಕೂಗಿದ. ಯಾಕೆ ಎಂದು ಶಿವಯೋಗಪ್ಪ ಎಷ್ಟು ಕೇಳಿದರೂ ಹೇಳಲಿಲ್ಲ. ಮನೆಗೆ ಬಂದು ನಿರ್ಮಲಮ್ಮನಿಗೆ ಮಾತ್ರ ಹೇಳಿದ. ಅವಳು ಅತ್ತಳು, ಮಾರನೆಯ ದಿನ ಎಂದಿನಂತೆ ರೊಟ್ಟಿ ಬಡಿದಳು.

ಸಿಟ್ಟು ಇಳಿದು ಯಾವ ಕಾಲವಾಗಿತ್ತೋ. ಆಣೆ ಮಾತ್ರ ನಿಂತಿತ್ತು. ಪಂಚಮಿಯ ಮುಂಚಿನ ದಿನ ಅಂಬಿಗ ಉಚ್ಚಂಗೆಪ್ಪ ಖಾಲಿ ಹರಗೋಲನ್ನು ಈಚೆ ದಡದಲ್ಲಿ ಕಟ್ಟಿಕೊಂಡು ಹೊತ್ತು ಮುಳುಗುವ ತನಕ ಕಾಯುತ್ತಾನೆ, ಅತ್ತೆ ಕಸ್ತೂರಮ್ಮ ಕಳಿಸುತ್ತಾಳೆ ಎಂದು ಹರಿಹರದ ಗಿರಾಕಿಗಳ ಬಾಯಲ್ಲಿ ಅವನ ಕಿವಿಗೆ ಬಿದ್ದಿತ್ತು. ಕೇಳಿಸದವನಂತೆ ಬಟ್ಟೆ ಅಳೆಯುತ್ತಿದ್ದ. ಆ ರಾತ್ರಿ ಊಟ ಸೇರುತ್ತಿರಲಿಲ್ಲ. ನಿರ್ಮಲಮ್ಮ ಏನನ್ನೂ ಕೇಳುತ್ತಿರಲಿಲ್ಲವಾದ್ದರಿಂದ ಅವನಿಗೆ ಇನ್ನೂ ಕಷ್ಟವಾಗುತ್ತಿತ್ತು. ಆಡಿದ ಮಾತನ್ನು ತಪ್ಪಿದವನೆನ್ನಿಸಿಕೊಳ್ಳದೆ, ಯಾರಿಗೂ ಕೈಮುಗಿಯದೆ ಆ ದಡಕ್ಕೆ ಹೋಗುವ ದಾರಿ ಬೇಕಿತ್ತು. ನಬೀ ಸಾಬನ ಗುಜರಿಯಲ್ಲಿ ದೋಣಿ ಬಂದಿದೆ ಎಂದು ಕೇಳಿದ ದಿನ ಅವನಿಗೆ ದೇವರೇ ಕಣ್ಣು ಬಿಟ್ಟಂತಾಯಿತು. ಇದು ಹರಗೋಲೂ ಅಲ್ಲ, ಬಂಡಿಯೂ ಅಲ್ಲ. ಆ ಊರಿನದಂತೂ ಅಲ್ಲವೇ ಅಲ್ಲ.

ದೋಣಿ ಕೊಂಡದ್ದನ್ನು ಹೇಳಿದಾಗ ನಿರ್ಮಲಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಆ ವರ್ಷದ ಪಂಚಮಿ ಆಗಲೇ ಕಳೆದಿತ್ತು. ದಸರೆಯ ಹೊತ್ತಿಗೆ ಹೋಗಬಹುದೇ ಎಂದು ಕೇಳಿದಳು. ಧಾರಾಳವಾಗಿ ಎಂದ ಮುರುಗೇಶಪ್ಪ. ಅವಳ ಮುಖದಲ್ಲಿ ಕಂಡದ್ದನ್ನು ನೋಡಿ, ದೋಣಿಯೇನು, ಹಡಗು ಸಿಕ್ಕಿದರೂ ಕೊಳ್ಳುತ್ತಿದ್ದೆ ಅನ್ನಿಸಿತು.

ಆದರೆ ಎಂಜಿನ್ ಹಟ ಮಾಡಿತು. ಹೊಳೆಯ ನೀರನ್ನೇ ಒಳಗೆಳೆದು ಮೈ ತಂಪು ಮಾಡಿಕೊಳ್ಳುವ ಎಂಜಿನ್ ಅದು, ನೀರೆಳೆಯುವ ಪಂಪಿನೊಳಗಿನ ರಬ್ಬರಿನ ಪುಟ್ಟ ಗಾಲಿ ಪುಡಿಯಾಗಿತ್ತು. ಅದು ದಾವಣಗೆರೆಯಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ನಬೀ ಸಾಬ್ ಗುಜರಿ ಹರಾಜಿಗೆ ಮುಂಬಯಿಗೆ ಹೋದವನು ಕಂಪನಿಯನ್ನು ಹುಡುಕಿಕೊಂಡು ಹೋದ. ಕಾರ್ಖಾನೆಯಿದ್ದ ಜಾಗದಲ್ಲಿ ಅಡಿಗೆ ಎಣ್ಣೆಯ ಗೋದಾಮಿತ್ತು. ಮಾಲೀಕ ಸತ್ತ ಮೇಲೆ ಅಣ್ಣತಮ್ಮಂದಿರು ಜಗಳವಾಡಿ ಬಾಗಿಲು ಹಾಕಿದರು ಎಂದು ಎದುರಿನ ಬೀಡಾ ಅಂಗಡಿಯವನು ಹೇಳಿದನಂತೆ. ವಾಪಸು ಬಂದು ಲಾರಿ ಟೈರನ್ನು ಕೊಯ್ದು ತಾನೇ ಗಾಲಿ ಮಾಡಿದ. ಎಂಜಿನ್ ಕಾದು ಹೊಗೆಯಾಡಿತು. ಇನ್ನೊಂದು ಮಾಡಿದ, ಅದೂ ಹರಿಯಿತು. ದಸರೆ ಹೋಯಿತು, ದೀಪಾವಳಿಯೂ ಹೋಯಿತು. ಅಂಗಡಿ ಮುಚ್ಚಿದ ಮೇಲೆ ಮುರುಗೇಶಪ್ಪ ದಿನಾ ಬಾತಿಗೆ ಹೋಗಿ ಕೂತು ನೋಡುವುದನ್ನು ಅಭ್ಯಾಸ ಮಾಡಿಕೊಂಡ.

ಕಾರ್ತಿಕದಲ್ಲಿ ಅತ್ತೆಗೆ ಮೈಯಲ್ಲಿ ಆರಾಮಿಲ್ಲವೆಂಬ ಸುದ್ದಿ ಬಂತು. ಕಾಯಿಲೆ ಅಂಥದೇನಿಲ್ಲ, ಮರೆವು. ಉಂಡದ್ದು ಮರೆಯುತ್ತಾಳೆ, ಎದುರಿಗೆ ನಿಂತವರನ್ನು ಯಾರೆಂದು ಕೇಳುತ್ತಾಳೆ. ಆದರೆ ಮಗಳನ್ನು ನೆನೆದು ನಿಮ್ಮಿ ಬಂದಳಾ, ನಿಮ್ಮಿ ಬಂದಳಾ ಎಂದು ಕೇಳುವುದನ್ನು ಮಾತ್ರ ಮರೆತಿಲ್ಲ ಎಂದರು ಸುದ್ದಿ ತಂದವರು. ಅವರು ಹೋದ ಮೇಲೆ ನಿರ್ಮಲಮ್ಮ ಗಂಡನ ಎದುರಿಗೆ ಬಂದು ನಿಂತಳು. ಮದುವೆಯಾದಾಗಿನಿಂದ ಅವಳು ಹಾಗೆ ನಿಂತು ಮಾತಾಡಿದ್ದು ಕಡಿಮೆ.

"ನಾನೊಬ್ಳೇ ಹೋಗಿ ಅವ್ವನ್ನ ನೋಡ್ಕಂಡು ಬರ್ತೀನ್ರಿ. ಹರಗೋಲು ಹತ್ತಿದ ಪಾಪ ನಂಗಿರ್ಲಿ."

"ಇನ್ನೊಂದೆಂಟು ದಿನ ತಡಿ," ಅಂದ ಮುರುಗೇಶಪ್ಪ. "ನಬೀ ಸಾಬ್ ಈ ಸಲ ದಪ್ಪನ್ನ ರಬ್ಬರು ಹಾಕ್ಯಾನೆ. ನಮ್ದೇ ದೋಣಿಯಾಗೆ, ಅಂತಸ್ತಿನಾಗೆ ಹೋಗಾಣ."

ಅವಳು ತಡೆದಳು. ಆ ಎಂಟು ದಿನವನ್ನು ಆಮೇಲೆ ಅವನು ದೇವರ ಹತ್ತಿರ ಎಷ್ಟು ಸಲ ವಾಪಸು ಕೇಳಿದನೋ ಲೆಕ್ಕವಿಲ್ಲ. ಅದು ಸಂಕ್ರಾಂತಿಯನ್ನು ದಾಟಿ ಬೆಳೆಯಿತು. ಶಿವರಾತ್ರಿ ಹತ್ತಿರ ಬಂದಾಗ ನಬೀ ಸಾಬನ ಕೈಗೆ ಹದ ಸಿಕ್ಕಿತು, ಎಂಜಿನ್ ಒಂದೇ ಸಮನೆ ಓಡಿತು.

ಲಾರಿಯ ಮೇಲೇರಿಸಿ ದೋಣಿಯನ್ನು ಹರಿಹರಕ್ಕೆ ತಂದರು. ಬಣ್ಣ ಹಚ್ಚಿದವನು ಲಾರಿಗಳಿಗೆ ಬರೆಯುವವನಾದ್ದರಿಂದ ಮುಂದೆ 'ಶ್ರೀ ಹರಿಹರೇಶ್ವರ ಪ್ರಸನ್ನ' ಎಂದೂ, ಕೈ ತಡೆಯದೆ ಹಿಂದೆ 'ಹಾರ್ನ್ ಮಾಡಿ' ಎಂದೂ ಬರೆದಿದ್ದ. ಸೇತುವೆಯ ಬಳಿಯ ಮಡುವಿನಲ್ಲಿ ಇಳಿಸಿ, ಕಾಯಿ ಒಡೆದು, ಚಾಲೂ ಮಾಡಿದರು. ಬೇಸಿಗೆಯಲ್ಲೂ ಆಳವಾಗಿರುವ ಮಡು ಅದು. ದೋಣಿ ನೀರನ್ನು ಸೀಳಿಕೊಂಡು ಒಂದು ದೊಡ್ಡ ಸುತ್ತು ಹೊಡೆಯಿತು. ಸೇತುವೆಯ ಮೇಲೆ ಸೈಕಲ್ಲಿನವರು ನಿಂತು ನೋಡಿದರು. ಅಪ್ಪ ಮೊದಲ ಸಲ ಅಂಗಡಿಯ ಬೀಗದ ಕೈ ಕೊಟ್ಟ ದಿನವೂ ಮುರುಗೇಶಪ್ಪನಿಗೆ ಅಷ್ಟು ಸಂತೋಷವಾಗಿರಲಿಲ್ಲ. ಕೆಳಗಡೆ ನೀರು ಹೇಗಿದೆಯೋ ಒಮ್ಮೆ ದಡದಲ್ಲಿ ನಡೆದು ನೋಡಿಕೊಂಡು ಬರೋಣ ಎಂದು ನಬೀ ಸಾಬ್ ಹೇಳಿದ. ಇಲ್ಲಿರುವ ನೀರು ಕೆಳಕ್ಕೇ ತಾನೇ ಹರಿದು ಹೋಗಬೇಕು, ಇನ್ನೆಲ್ಲಿಗೆ ಹೋಗುತ್ತದೆ ಎಂದು ಮುರುಗೇಶಪ್ಪ ಆ ಮಾತನ್ನು ತಳ್ಳಿಹಾಕಿದ.

ಮಾರನೆಯ ದಿನ ಬೆಳಿಗ್ಗೆ ಹೊರಟರು. ನಿರ್ಮಲಮ್ಮ ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಮಡಿಲಲ್ಲಿ ಉಂಡಿಯ ಡಬ್ಬಿ. ಪಂಚಮಿಯಲ್ಲದ ಕಾಲದಲ್ಲಿ ಯಾಕೆ ಉಂಡಿ ಎಂದು ಅವನು ಕೇಳಿರಲಿಲ್ಲ. ನಬೀ ಸಾಬ್ ಹಿಂದೆ ಚುಕ್ಕಾಣಿ ಹಿಡಿದಿದ್ದ. ಮುರುಗೇಶಪ್ಪ ಮುಂದೆ ಜರತಾರಿ ರುಮಾಲು ಸುತ್ತಿಕೊಂಡು ಕೂತು, ಬಟ್ಟೆ ಒಗೆಯುವವರು ಕಂಡರೆ ಹಾರ್ನ್ ಒತ್ತುತ್ತಿದ್ದ. ಮಡು ಮುಗಿಯಿತು. ಹೊಳೆ ಅಗಲವಾಯಿತು, ಅಗಲವಾದಷ್ಟೂ ತೆಳುವಾಯಿತು. ನೀರಿನ ಹಸಿರು ಹೋಗಿ ಕೆಳಗಿನ ಮರಳು ಕಾಣತೊಡಗಿತು. ನಬೀ ಸಾಬ್ ವೇಗ ತಗ್ಗಿಸಿ, ಎದ್ದು ನಿಂತು, ಬಂಡೆಗಳ ನಡುವೆ ದಾರಿ ಹುಡುಕುತ್ತ ನಡೆಸಿದ. ದೂರದಲ್ಲಿ ಹೊಳೆಮಾಳಾಪುರದ ಬೇವಿನಮರ ಕಂಡಿತು. ನಿರ್ಮಲಮ್ಮ ಡಬ್ಬಿಯನ್ನು ಎದೆಗೆ ಹಿಡಿದುಕೊಂಡಳು. ಅದೇ ಹೊತ್ತಿಗೆ ಕೆಳಗಿನಿಂದ ಕರಕರ ಶಬ್ದ ಬಂತು, ಎಂಜಿನ್ ಒಂದು ಸಲ ಅಬ್ಬರಿಸಿ ನಿಂತಿತು, ದೋಣಿ ಮರಳಿನ ಮೇಲೆ ಏರಿ ಒಂದು ಮಗ್ಗುಲಿಗೆ ವಾಲಿ ಕೂತಿತು.

ನಬೀ ಸಾಬ್ ಇಳಿದು ಬಗ್ಗಿ ನೋಡಿದ. ಪಂಖದ ಒಂದು ಎಲೆ ಮುರಿದಿತ್ತು, ರಾಡು ಬಾಗಿತ್ತು. ಇಂಥ ಪಂಖ ಇನ್ನು ಹುಟ್ಟುವುದಿಲ್ಲ ಎಂಬುದನ್ನು ಅವನು ಹೇಳುವ ಅಗತ್ಯವಿರಲಿಲ್ಲ. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಸೀರೆ ಎತ್ತಿಕಟ್ಟಿ ಎಮ್ಮೆಗಳ ಹಿಂದೆ ಹೊಳೆ ದಾಟುತ್ತಿದ್ದಳು. ದೋಣಿಯ ಪಕ್ಕದಲ್ಲೇ ಹಾಯ್ದು ಹೋಗುವಾಗ ಒಳಗೆ ಇಣುಕಿ, ನಿರ್ಮಲಮ್ಮನ ಗುರುತು ಹಿಡಿದು, ಏನನ್ನೂ ಕೇಳದೆ ದಡದ ಕಡೆಗೆ ಬಿರುಸಾಗಿ ಹೋದಳು. ತುಸು ಹೊತ್ತಿನಲ್ಲಿ ಆಚೆಯಿಂದ ಹರಗೋಲು ಬಂತು. ಗೇಣು ನೀರಿದ್ದರೂ ಸಾಕು ಅದಕ್ಕೆ. ಉಚ್ಚಂಗೆಪ್ಪ ಮುದುಕನಾಗಿದ್ದ, ಗಳವನ್ನು ಮಾತ್ರ ಮೊದಲಿನಂತೆಯೇ ಊರುತ್ತಿದ್ದ.

"ಬರ್ರಿ ತಾಯಿ," ಅಂದ.

ನಿರ್ಮಲಮ್ಮ ಗಂಡನ ಮುಖ ನೋಡಲಿಲ್ಲ. ಡಬ್ಬಿಯನ್ನು ಉಚ್ಚಂಗೆಪ್ಪನ ಕೈಗೆ ಕೊಟ್ಟು, ದೋಣಿಯ ಅಂಚು ಹಿಡಿದು, ಹರಗೋಲಿನೊಳಗೆ ಇಳಿದು ಕೂತಳು.

ಉಚ್ಚಂಗೆಪ್ಪ ಅವನನ್ನೂ ಕರೆದ. ಮುರುಗೇಶಪ್ಪ ರುಮಾಲು ಸರಿಮಾಡಿಕೊಂಡು, ತಾನು ಆಣೆ ಮಾಡಿದವನೆಂದೂ, ಆಳಿನ ಧೋತ್ರ ಹೊದಿಸಿಕೊಂಡದ್ದನ್ನು ಇನ್ನೂ ಮರೆತಿಲ್ಲವೆಂದೂ ಹೇಳಿದ. ಮರಳಿನ ಮೇಲೆ ವಾಲಿಕೊಂಡು ಕೂತ ದೋಣಿಯಲ್ಲಿ ಆ ಮಾತು ಅವನ ಕಿವಿಗೇ ಬೇರೆ ಥರ ಕೇಳಿಸಿತು. ಉಚ್ಚಂಗೆಪ್ಪ ಗಳವನ್ನು ಮರಳಿಗೆ ನೆಟ್ಟು ನಿಂತ.

"ಆ ಧೋತ್ರ ತಂದೋನು ನಾನೇ ಸಾವ್ಕಾರ್ರೆ. ಆಯಾರದ ಬಟ್ಟೆ ನಮ್ಮ ಅಳಿಯಂದ್ರ ಅಂಗಡಿಯಾಗೇ ತರ್ಬೇಕು, ಯಾಪಾರ ಅವ್ರಿಗೇ ಆಗ್ಲಿ ಅಂತ ಕಸ್ತೂರಮ್ಮಾರು ಹಟ ಹಿಡಿದ್ರು. ನಮ್ಮ ಹೆಸ್ರು ಹೇಳಿದ್ರೆ ರೊಕ್ಕ ಮುಟ್ಟಲ್ಲ, ಹೆಸ್ರು ಹೇಳ್ಬ್ಯಾಡ, ಎಲ್ಲಕಿಂತ ಚಲೋದು ಕೊಡ್ರಿ ಅಂತಷ್ಟೇ ಅನ್ನು ಅಂದ್ರು. ನಾನು ಹಂಗೇ ಅಂದೆ. ನೀವೇ ನಿಮ್ಮ ಕೈಯಾರೆ ತೆಗೆದು ಕೊಟ್ರಿ."

ಮುರುಗೇಶಪ್ಪ ಅವನನ್ನು ದಿಟ್ಟಿಸಿದ. ಈ ಮುಖವನ್ನು ಅಂಗಡಿಯಲ್ಲಿ ಕಂಡ ನೆನಪಾಗಲಿಲ್ಲ. ಹೊಳೆಯ ವಾಸನೆಯ ಒದ್ದೆ ಕಂಬಳಿ ಹೊದ್ದು ಬಂದು, ಬಟ್ಟೆಯನ್ನು ಮುಟ್ಟಿಯೂ ನೋಡದೆ 'ಚಲೋದು ಕೊಡ್ರಿ' ಅನ್ನುವ ಗಿರಾಕಿಗಳ ಮುಖವನ್ನು ಅವನು ನೋಡುತ್ತಲೇ ಇರಲಿಲ್ಲ. ಅಂಥವರಿಗಾಗಿಯೇ ಕೆಳಗಿನ ಖಾನೆಯಿತ್ತು. ಮೇಲಿನ ಖಾನೆಯ ಬೆಲೆ ಹೇಳಿ ಕೆಳಗಿನದನ್ನು ಕಟ್ಟಿಕೊಡುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ ಯಾವ ಸಲ, ಯಾರಿಗೆ ಎಂದು ನೆನಪಿಟ್ಟುಕೊಳ್ಳುವ ಪ್ರಶ್ನೆಯೇ ಇರಲಿಲ್ಲ.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?" ಅಂದ.

"ನೀವು ಬಿಟ್ಟೋದ ಧೋತ್ರ ಮುಟ್ಟಿ ನೋಡಿದಾಗ್ಲೇ ನಮಗೆ ಗೊತ್ತಾತು, ಹೇಳಾಕೆ ಹೊಂಟಿದ್ದೆ. ಅಮ್ಮಾರು ಬ್ಯಾಡ ಅಂದ್ರು. ಅಳಿಯಂದ್ರ ಮಾನ ಹೋಗ್ತೈತೆ, ಯಾರ ಮುಂದೂ ಬಾಯಿ ಬಿಡ್ಬ್ಯಾಡ ಅಂತ ಮಾತು ತಗಂಡ್ರು. ಈಗ ಅವ್ರಿಗೆ ಅದ್ಯಾವ್ದೂ ನೆನಪಿಲ್ಲ. ಇನ್ನು ನಾನು ಹೇಳಿದ್ರೆ ತಪ್ಪಿಲ್ಲ."

ಮುರುಗೇಶಪ್ಪ ಹೆಂಡತಿಯ ಕಡೆ ನೋಡಿದ. ಅವಳು ನೀರನ್ನು ನೋಡುತ್ತಿದ್ದಳು. ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಈ ಮಾತು ಅವಳಿಗೆ ಹೊಸದಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಕೆಳಗಿನ ಖಾನೆಯ ವ್ಯವಹಾರ ಬಲ್ಲ ಅವಳು ಅಂದೇ ಊಹಿಸಿರಬೇಕು. ಎಲ್ಲ ತಿಳಿದೂ ಪ್ರತಿ ಪಂಚಮಿಗೆ ಅವನಿಗೆ ಬಡಿಸಿದ್ದಳು, ಅವನು ಉಣ್ಣದೆ ಎದ್ದಾಗ ತಟ್ಟೆ ಎತ್ತಿದ್ದಳು.

"ನಡಿ ಉಚ್ಚಂಗೆಪ್ಪ. ಹೊತ್ತಾಗೈತೆ," ಅಂದಳು ನಿರ್ಮಲಮ್ಮ.

ಹರಗೋಲು ದೂರವಾಯಿತು. ದಡದಲ್ಲಿ ಶಿವಯೋಗಪ್ಪ ನೀರಿಗಿಳಿದು ಬಂದು ಅಕ್ಕನ ಕೈಹಿಡಿದು ಇಳಿಸಿಕೊಂಡದ್ದು ಕಂಡಿತು. ನಬೀ ಸಾಬ್ ಎಂಜಿನ್ನಿನ ಮುಚ್ಚಳ ತೆಗೆದು, ಮಾಡುವುದೇನೂ ಇಲ್ಲದಿದ್ದರೂ, ಒಳಗೆ ತಲೆಯಿಟ್ಟುಕೊಂಡಿದ್ದ. ಸಾಹುಕಾರನ ಮುಖ ನೋಡುವುದು ತಪ್ಪಲಿ ಎಂದೇ ಇರಬೇಕು. ಬಿಸಿಲು ಏರಿತು. ಇನ್ನೊಂದಿಷ್ಟು ಎಮ್ಮೆಗಳು ದೋಣಿಯ ಪಕ್ಕದಲ್ಲಿ ಹಾಯ್ದು ಹೋದವು. ಮುರುಗೇಶಪ್ಪ ಅವುಗಳ ಕಾಲನ್ನೇ ನೋಡುತ್ತ ಕೂತಿದ್ದವನು ಎದ್ದು, ಜೋಡು ಕಳಚಿದ, ರುಮಾಲು ಬಿಚ್ಚಿ ಆಸನದ ಮೇಲಿಟ್ಟ, ಧೋತ್ರವನ್ನು ಎತ್ತಿ ಕಟ್ಟಿ ಹೊಳೆಗೆ ಇಳಿದ.

ನೀರು ಮೊಣಕಾಲಿಗೆ ಬಂತು. ಇನ್ನೇನು ಆಳವಾಗುತ್ತದೆ, ಇನ್ನೇನು ಆಳವಾಗುತ್ತದೆ ಎಂದು ಹೆಜ್ಜೆ ಹೆಜ್ಜೆಗೂ ಕಾದ. ಆಗಲಿಲ್ಲ. ನಡುವೆ ಒಂದು ಕಡೆ ಪಾಚಿಗೆ ಕಾಲು ಜಾರಿ ಕುಸಿದು ಕೂತ, ಎದ್ದ. ಹೊಳೆಯುದ್ದಕ್ಕೂ ಅಷ್ಟೇ ನೀರು. ಹೋದ ವರ್ಷವೂ ಈ ಕಾಲಕ್ಕೆ ಇಷ್ಟೇ ಇದ್ದಿರಬೇಕು, ಅದರ ಹಿಂದಿನ ವರ್ಷವೂ. ಹರಗೋಲು ಹತ್ತುವುದಿಲ್ಲ, ಬಂಡಿ ಹತ್ತುವುದಿಲ್ಲ ಎಂದು ಆಣೆ ಮಾಡಿದ್ದ. ನಡೆಯುವುದಿಲ್ಲ ಎಂದು ಮಾಡಿರಲಿಲ್ಲ. ಹೊಳೆಯ ನಡುವೆ ನಿಂತು ಅವನು ಅತ್ತ. ಒದ್ದೆ ಕೈಯಿಂದ ಮುಖ ಒರೆಸಿಕೊಂಡು ಮುಂದೆ ಹೋದ.

ಅವನು ಹೋಗುವಷ್ಟರಲ್ಲಿ ಶಿವಯೋಗಪ್ಪನ ಮನೆಯ ಮುಂದೆ ಸೇರಿದ್ದವರು ದಾರಿ ಬಿಟ್ಟರು. ಹೊಸ ಮನೆ ಹಳತಾಗಿತ್ತು. ಪಡಸಾಲೆಯ ಹೊರಸಿನ ಮೇಲೆ ಕಸ್ತೂರಮ್ಮ ಒರಗಿ ಕೂತಿದ್ದಳು. ಹತ್ತಿರ ಕೂತ ನಿರ್ಮಲಮ್ಮ ಉಂಡಿಯನ್ನು ಪುಡಿಮಾಡಿ ತಾಯಿಯ ಬಾಯಿಗೆ ಇಡುತ್ತಿದ್ದಳು. ಮುದುಕಿ ಮೆಲ್ಲುತ್ತ, ಉಣ್ಣಿಸುವ ಕೈಯನ್ನು ಹಿಡಿದು ಸವರಿದಳು.

"ಯಾವೂರವ್ವ ನಿಂದು? ನನ್ನ ಮಗಳೂ ಹಿಂಗೇ ಉಂಡಿ ಕಟ್ತಾಳ. ದಾವಣಗೆರಿಗೆ ಕೊಟ್ಟೀವಿ. ಪಂಚಮಿಗೆ ಬರ್ತಾಳ, ಹರಗೋಲು ಕಳಿಸೀನಿ."

"ಬರ್ತಾಳವ್ವ," ಅಂದಳು ನಿರ್ಮಲಮ್ಮ. "ಹೊಳೆ ದಾಟ್ಯಾಳಂತೆ."

ಹೊಸಲಿನ ಹೊರಗೆ ನಿಂತ ಮುರುಗೇಶಪ್ಪನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಕೈಮುಗಿಯಬೇಕೆಂದುಕೊಂಡ. ಶಿವಯೋಗಪ್ಪ ಅದಕ್ಕೆ ಅವಕಾಶ ಕೊಡದೆ, ಒಳಗೆ ಬರ್ರಿ ಭಾವಾರೆ ಎಂದಷ್ಟೇ ಹೇಳಿ ಕೋಣೆಗೆ ಹೋದ. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಬೇವಿನ ಎಲೆಯ ವಾಸನೆಯ ಒಂದು ಮಡಿ ಧೋತ್ರವನ್ನು ತಂದು ಕೈಗಿತ್ತ. ಅದೇ ದೊರಗು ಅಂಚು, ಕಣ್ಣಿಗಿಂತ ಮೊದಲೇ ಬೆರಳಿಗೆ ಗೊತ್ತಾಯಿತು. ಮುರುಗೇಶಪ್ಪ ಮೂಲೆಯನ್ನು ತಿರುವಿ ನೋಡಲಿಲ್ಲ. ಬಚ್ಚಲಿಗೆ ಹೋಗಿ ಉಟ್ಟುಕೊಂಡು ಬಂದು ಹೊರಸಿನ ಬಳಿ ನೆಲದ ಮೇಲೆ ಕೂತ.

ಕಸ್ತೂರಮ್ಮ ಅವನನ್ನು ನೋಡಿದಳು, ಗುರುತು ಸಿಗಲಿಲ್ಲ. ಕೈ ಚಾಚಿ ಅವನ ಮೊಣಕಾಲ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಮುಖ ಅರಳಿತು.

"ಧೋತ್ರ ಚಲೋ ಐತಿ. ನಮ್ಮ ಅಳಿಯಂದ್ರ ಅಂಗಡೀದೇನು?"

"ಹೌದ್ರಿ," ಅಂದ ಮುರುಗೇಶಪ್ಪ.

"ಅವ್ರ ಅಂಗಡೀದಂದ್ರ ನೋಡೋದೇ ಬ್ಯಾಡ. ಕಣ್ಣು ಮುಚ್ಚಿ ತಗೋಬೌದು," ಅಂದಳು ಮುದುಕಿ, ಮತ್ತೆ ಉಂಡಿಗಾಗಿ ಬಾಯಿ ತೆರೆದಳು.

ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದ ಧೋತ್ರದ ಮೇಲೆ ಮಡಿಕೆಯ ಗೆರೆಗಳು ಎದ್ದು ನಿಂತಿದ್ದವು. ಮುರುಗೇಶಪ್ಪ ತೊಡೆಯ ಮೇಲಿನ ಒಂದು ಗೆರೆಯನ್ನು ಅಂಗೈಯಿಂದ ಒತ್ತಿ ಸವರಿದ. ಕೈ ತೆಗೆದಾಗ ಅದು ಮತ್ತೆ ಎದ್ದಿತು. ಅವನು ಮತ್ತೆ ಸವರಿದ.